ಉಳಿಕೆಯ ಹಣ ಯಾರದು?

ದೊಡ್ಡ ಹಣಕ್ಕೆ ಕಾವಲುಗಾರರು ಬಹುಮಂದಿ. ಅದಕ್ಕೆ ಧರ್ಮದರ್ಶಿಗಳಿರುತ್ತಾರೆ, ಲೆಕ್ಕಪರೀಕ್ಷಕರಿರುತ್ತಾರೆ, ಪ್ರಸಂಗ ಬಂದರೆ ನ್ಯಾಯಾಲಯವೂ ಇರುತ್ತದೆ. ಅಲ್ಪಧನಕ್ಕಾದರೋ ಹಿಡಿದವನ ಅಂತಃಸಾಕ್ಷಿಯೊಂದೇ ಕಾವಲು. ಐದು ಲಕ್ಷ ರೂಪಾಯಿಗಳನ್ನು ಸಾರ್ವಜನಿಕ ಕಾರ್ಯಕ್ಕೆಂದು ಪಡೆದವನನ್ನು ಊರೆಲ್ಲ ಕಣ್ಣಿಟ್ಟು ನೋಡುತ್ತದೆ; ಐದು ಸಾವಿರ ಪಡೆದವನನ್ನು ಕೇಳುವವರು ಯಾರು? ಆದುದರಿಂದ ಧರ್ಮದ ಸೂಕ್ಷ್ಮವನ್ನು ತಿಳಿಯಬೇಕೆನ್ನುವವರು ದೊಡ್ಡ ದತ್ತಿಗಳನ್ನು ನೋಡುವದಕ್ಕಿಂತ ಸಣ್ಣ ಹಣವನ್ನು ನೋಡುವದು ಲೇಸು. ಈ ಮಾತನ್ನು ಪುಸ್ತಕದ ಮುಖದಿಂದ ಹೇಳುತ್ತಿಲ್ಲ. ನಮ್ಮ ಮಠದ ಶಾಲೆಯಲ್ಲಿ ಹಿಂದೆ ಕಲಿತು ಹೋದ ಮಕ್ಕಳಿಂದಲೇ ನಾನು ಕಲಿತ ಪಾಠವೊಂದನ್ನು ಶರಣಬಂಧುಗಳ ಮುಂದೆ ಇಡುತ್ತಿದ್ದೇನೆ.

ವಿದ್ಯಾರ್ಥಿಗಳ ಕೈಗೆ ಅಲ್ಪ ಸಹಾಯಧನವನ್ನು ಕೊಟ್ಟು, ತಮ್ಮ ಊರಿಗೆ ಹಿತವಾಗುವ ಒಂದು ಕಾರ್ಯವನ್ನು ಅವರಿಂದಲೇ ಮಾಡಿಸುವ ಪದ್ಧತಿಯು ನಮ್ಮ ಸೀಮೆಯಲ್ಲಿ ಈಚೆಗೆ ಬೆಳೆದು ಬಂದಿದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರಲ್ಲಿ ೩೭ ವಿಶ್ವವಿದ್ಯಾಲಯಗಳಲ್ಲಿ ಪ್ರಾರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ವಿದ್ಯಾರ್ಥಿಗಳ ಶ್ರಮವನ್ನು ಹಳ್ಳಿಗೆ ತಂದಿತು. ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಉದ್ಯಮಿಗಳಾದ ಗುರುರಾಜ ದೇಶಪಾಂಡೆಯವರೂ ಅವರ ಪತ್ನಿ ಜಯಶ್ರೀಯವರೂ ೧೯೯೬ರಲ್ಲಿ ಸ್ಥಾಪಿಸಿದ ದೇಶಪಾಂಡೆ ಫೌಂಡೇಶನ್ನು, ಹುಬ್ಬಳ್ಳಿಯಲ್ಲಿ ೨೦೦೮ರಿಂದ ‘ಲೀಡ್’ ಎಂಬ ಹೆಸರಿನ ಕಾರ್ಯಕ್ರಮವನ್ನು ನಡೆಯಿಸಿ, ಶ್ರಮದೊಂದಿಗೆ ಅಲ್ಪ ಬೀಜಧನವನ್ನೂ ಕೂಡಿಸಿತು. ವಿದ್ಯಾರ್ಥಿಯು ತನ್ನ ಸುತ್ತಲಿನ ಒಂದು ಕೊರತೆಯನ್ನು ತಾನೇ ಗುರುತಿಸಬೇಕು. ಅದಕ್ಕೆ ಉಪಾಯವನ್ನು ತಾನೇ ಯೋಚಿಸಬೇಕು. ಅದನ್ನು ಬರೆದು ಒಪ್ಪಿಸಿ, ಸಮ್ಮತಿ ದೊರೆತರೆ ಹಣ ಪಡೆದು ಕಾರ್ಯ ಮಾಡಿ ತೋರಿಸಬೇಕು. ಪರೀಕ್ಷೆಯ ಅಂಕಗಳಾಚೆಗೆ ಯುವಕರ ಬುದ್ಧಿಯು ಊರಿನ ಕಡೆಗೆ ತಿರುಗುವದು ಸಂತೋಷದ ಸಂಗತಿಯೇ ಸರಿ.

ಈ ನೆಲಕ್ಕೆ ಇದು ತೀರ ಹೊಸದೆಂದು ಹೇಳಲಾಗದು. ನವಲಗುಂದ–ಶಿರಸಂಗಿ ಸಂಸ್ಥಾನದ ತ್ಯಾಗವೀರ ಲಿಂಗರಾಜ ದೇಸಾಯಿಯವರು ೧೯೦೬ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು ಹೋದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಕಾಳು ಕೂಡಿಸಿ, ಬಡ ವಿದ್ಯಾರ್ಥಿಗಳಿಗಾಗಿ ೧೯೧೭ರಲ್ಲಿ ಪ್ರಸಾದನಿಲಯವನ್ನು ತೆರೆದರು. ಇವೆಲ್ಲ ವಿದ್ಯಾರ್ಥಿಗಾಗಿ ಹರಿದ ಧನಗಳು. ಆದರೆ ಒಂದು ಭೇದವನ್ನು ಗಮನಿಸಬೇಕು. ಅಂದಿನ ವಿದ್ಯಾರ್ಥಿಯು ಪ್ರಸಾದವನ್ನು ಸ್ವೀಕರಿಸುವವನಾಗಿದ್ದನು. ಉಂಡು ಓದುವದೇ ಅವನ ಧರ್ಮವಾಗಿತ್ತು. ಇಂದಿನ ವಿದ್ಯಾರ್ಥಿಯು ಒಂದು ಕೈಯಿಂದ ಇಸಗೊಂಡು ಇನ್ನೊಂದು ಕೈಯಿಂದ ಕೊಡುವವನಾಗಿದ್ದಾನೆ. ಈ ಎರಡು ಕೈಗಳ ನಡುವಿನ ಗಳಿಗೆಯಲ್ಲಿ ಹಣವು ಯಾರದಾಗಿರುತ್ತದೆ? ಇದೇ ನಾವು ವಿಚಾರಿಸಬೇಕಾದ ಪ್ರಶ್ನೆ.

ನವಲಗುಂದ ತಾಲೂಕಿನ ಯಮನೂರು ವಾಚಕರಲ್ಲಿ ಬಹುಜನರಿಗೆ ಪರಿಚಿತವಾದ ಊರು. ಬೆಣ್ಣಿಹಳ್ಳದ ದಂಡೆಯ ಮೇಲಿರುವ ಈ ಕ್ಷೇತ್ರದ ಮಹಾತ್ಮನನ್ನು ಹಿಂದೂಗಳು ಚಾಂಗದೇವನೆಂದೂ, ಮುಸಲ್ಮಾನರು ರಾಜಾಬಾಗಸವಾರನೆಂದೂ ಕರೆದು ಒಂದೇ ಗದ್ದುಗೆಗೆ ನಡೆದುಕೊಳ್ಳುತ್ತಾರೆ. ಹೋಳಿಹುಣ್ಣಿಮೆಯ ತರುವಾಯ ನಡೆಯುವ ಜಾತ್ರೆಗೆ ದೂರದೂರದಿಂದ ಜನ ಬಂದು ಹಳ್ಳದಲ್ಲಿ ಮೀಯುತ್ತಾರೆ. ಹಳ್ಳದ ನೀರಿನಿಂದಲೇ ಇಲ್ಲಿ ದೀಪ ಉರಿಯುವದೆಂಬ ನಂಬಿಕೆಯು ತಲೆತಲಾಂತರದಿಂದ ಬಂದಿದೆ. ೨೦೧೬ರ ಜುಲೈ ತಿಂಗಳಲ್ಲಿ ಮಹದಾಯಿ ನೀರಿನ ಹೋರಾಟದ ಕಾಲಕ್ಕೆ ಈ ಊರಿನ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ಬಂದುದನ್ನೂ ಜನ ಮರೆತಿಲ್ಲ. ಎರೆಭೂಮಿಯ ಈ ಸೀಮೆಯಲ್ಲಿ ನೀರೆಂದರೆ ಜೀವ. ಅಂಥ ನೀರಿನ ದಂಡೆಯಲ್ಲಿ ಜಾತ್ರೆ ಮುಗಿದ ಮರುದಿನ ಉಳಿಯುವದೇನು? ಉಂಡ ಎಲೆ, ಒಡೆದ ಕಾಯಿಯ ಚಿಪ್ಪು, ಹಳೆಯ ಅರಿವೆ, ಪ್ಲಾಸ್ಟಿಕ್ಕಿನ ಚೀಲ. ಭಕ್ತಿಯಿಂದ ಬಂದವರೇ ಬಿಟ್ಟು ಹೋದ ಕಸವಿದು.

ನಮ್ಮ ಶಾಲೆಯಲ್ಲಿ ಕಲಿತು ಈಗ ಪದವಿಯ ತರಗತಿಯಲ್ಲಿರುವ ನಾಲ್ವರು, ಮೂವರು ಹುಡುಗರು ಹಾಗೂ ಒಬ್ಬ ಹುಡುಗಿ, ಈ ಕೊರತೆಯನ್ನು ಕಂಡು ಒಂದು ಯೋಜನೆಯನ್ನು ಬರೆದು ಒಪ್ಪಿಸಿ ೮,೦೦೦ ರೂಪಾಯಿಗಳ ಸಹಾಯಧನವನ್ನು ಪಡೆದರು. ಜಾತ್ರೆಯ ಕಾಲಕ್ಕೆ ದಂಡೆಯುದ್ದಕ್ಕೂ ಬಿದಿರಿನ ದೊಡ್ಡ ಬುಟ್ಟಿಗಳನ್ನಿಟ್ಟು, ಬಂದವರಿಗೆ ಕೈಮುಗಿದು ಕಸವನ್ನು ಅದರಲ್ಲಿ ಹಾಕಿಸುವದು. ಎರಡು ದಿನ ದಂಡೆಯನ್ನು ಗುಡಿಸಿ ಕಸವನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸುವದು. ಇಷ್ಟೇ ಅವರ ಸಂಕಲ್ಪ. ಕಾರ್ಯವು ಚೆನ್ನಾಗಿ ನಡೆಯಿತು. ಮುಗಿದ ಮೇಲೆ ನಾಲ್ವರೂ ಲೆಕ್ಕದ ಹಾಳೆಯನ್ನು ಹಿಡಿದು ನನ್ನಲ್ಲಿಗೆ ಬಂದರು. ಹತ್ತು ಬುಟ್ಟಿಗಳಿಗೆ ೨,೫೦೦. ಗೋಣಿಚೀಲ ಮತ್ತು ಕೈಗವಸುಗಳಿಗೆ ೯೦೦. ಟ್ರ್ಯಾಕ್ಟರಿನ ಎರಡು ಖೇಪುಗಳಿಗೆ ೨,೦೦೦. ಬರಹದ ಫಲಕಗಳಿಗೆ ೬೦೦. ಒಟ್ಟು ವೆಚ್ಚ ೬,೦೦೦ ರೂಪಾಯಿ. ಉಳಿಕೆ ೨,೦೦೦.

ಈ ಉಳಿಕೆಯೇ ಅವರನ್ನು ನನ್ನ ಬಾಗಿಲಿಗೆ ತಂದಿತ್ತು. ಒಬ್ಬನು, ದುಡಿದವರು ನಾವು, ಒಂದು ಹೊತ್ತು ಕೂಡಿ ಉಂಡರೆ ತಪ್ಪಿಲ್ಲವೆಂದನು. ಇನ್ನೊಬ್ಬನು, ನಮ್ಮ ಹೆಸರುಳ್ಳ ದೊಡ್ಡ ಫಲಕವೊಂದನ್ನು ಬರೆಸಿ ಹಚ್ಚಿದರೆ ಮುಂದಿನವರಿಗೆ ಸ್ಫೂರ್ತಿಯಾಗುವದೆಂದನು. ಮೂರನೆಯವನು, ಕೊಟ್ಟವರಿಗೆ ತಿರುಗಿ ಮುಟ್ಟಿಸುವದೇ ಸರಿಯೆಂದನು. ಬುಟ್ಟಿಗಳ ಬೆಲೆಯನ್ನು ೩೦೦ರಿಂದ ೨೫೦ಕ್ಕೆ ಇಳಿಸಿದವನು ತಾನೆಂಬ ಹೆಮ್ಮೆಯೂ ಅವನಿಗಿತ್ತು. ಹುಡುಗಿಯು ಏನೂ ಹೇಳದೆ ಕುಳಿತಿದ್ದಳು.

ನಾನು ಅವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳಿದೆನು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ–ಲಕ್ಕಮ್ಮ ದಂಪತಿಗಳು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು, ಅದರಿಂದ ಜಂಗಮದಾಸೋಹವನ್ನು ನಡೆಯಿಸುತ್ತಿದ್ದರು. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ನೋಡಿದೊಡನೆಯೆ ಇದು ನಮ್ಮ ಕಾಯಕದ ಅಳತೆಯಲ್ಲವೆಂದು ತಿಳಿದು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ತಿರುಗಿ ಕಳುಹಿಸಿದಳು. ಕದ್ದ ಅಕ್ಕಿಯಲ್ಲ, ಯಾರೂ ಕೇಳುವವರಿಲ್ಲ, ದಾಸೋಹಕ್ಕೇ ಸಲ್ಲುವದು. ಆದರೂ ಅವಳು ಒಪ್ಪಲಿಲ್ಲ. ಅಗತ್ಯಕ್ಕಿಂತ ಮಿಕ್ಕುದು ಆಶೆಯ ಬೀಜವೆಂಬುದು ಅವಳ ನಿಲುವು. “ಆದಕಾರಣ ಉಳಿದ ೨,೦೦೦ವನ್ನು ಪೂರ್ಣವಾಗಿ ತಿರುಗಿ ಕೊಟ್ಟುಬಿಡಿರಿ. ಇದೇ ಶರಣಮಾರ್ಗ,” ಎಂದು ನಿರ್ಣಯವನ್ನು ಹೇಳಿ, ನನ್ನ ಉತ್ತರದಿಂದ ನಾನೇ ತೃಪ್ತನಾದೆನು.

ಆಗ ಆ ಹುಡುಗಿಯು ಮೆಲ್ಲಗೆ ಕೇಳಿದಳು: “ಗುರುಗಳ, ಎರಡು ದಿವಸ ಆ ಆಯಿಗಳಿಬ್ಬರೂ ನಮಗಿಂತ ಹೆಚ್ಚು ಕಸಾ ಹೊಡದಾರ್ರಿ. ಅವರಿಗೆ ಕೂಲಿ ಕೊಡಲಾರದ ಉಳಿಸಿದ ರೊಕ್ಕಾ ಉಳಿಕಿ ಹ್ಯಾಂಗಾದೀತ್ರಿ?”

ನಾನು ನಿರುತ್ತರನಾದೆನು. ವಿಚಾರಿಸಿದರೆ, ಹುಡುಗರು ಗುಡಿಸಹತ್ತಿದುದನ್ನು ಕಂಡು ಊರಿನ ಇಬ್ಬರು ವೃದ್ಧ ಸ್ತ್ರೀಯರು ತಾವಾಗಿ ಬಂದು ಕೈಗೂಡಿಸಿದ್ದರು. ಅವರು ಹೊಲದ ಕೂಲಿಯಿಂದ ಹೊಟ್ಟೆ ಹೊರೆಯುವವರು; ಆ ಎರಡು ದಿನ ಕೂಲಿಯನ್ನು ಬಿಟ್ಟು ಬಂದವರು. ಅವರಿಗೆ ಸಂದುದು ಚಹಾ ಮತ್ತು ಒಂದು ಛಾಯಾಚಿತ್ರದಲ್ಲಿ ಹಿಂದಿನ ಸಾಲಿನ ಸ್ಥಾನ.

ನಿರುತ್ತರನಾಗುವದಕ್ಕೆ ಇನ್ನೊಂದು ಕಾರಣವೂ ಇದ್ದಿತು. ಅದನ್ನು ಮುಚ್ಚಿಟ್ಟರೆ ಈ ಲೇಖನವನ್ನು ಬರೆಯುವ ಅಧಿಕಾರ ನನಗಿಲ್ಲ. ಮೂವತ್ತು ವರ್ಷಗಳ ಹಿಂದೆ ನಾನು ಹೊಸದಾಗಿ ಶಿಕ್ಷಕನಾದಾಗ, ಸದ್ಭಕ್ತರೊಬ್ಬರು ಬಡ ಮಕ್ಕಳ ಪುಸ್ತಕಗಳಿಗೆಂದು ನನ್ನ ಕೈಯಲ್ಲಿ ಹಣವಿತ್ತರು. ಪುಸ್ತಕಗಳನ್ನು ಕೊಂಡು, ಉಳಿದ ೮೦ ರೂಪಾಯಿಗಳನ್ನು ಲೆಕ್ಕದೊಡನೆ ತಿರುಗಿ ಒಪ್ಪಿಸಿದೆನು. ಅವರು ಎಲ್ಲರೆದುರಿಗೆ ನನ್ನ ಪ್ರಾಮಾಣಿಕತೆಯನ್ನು ಕೊಂಡಾಡಿದರು. ಆ ಹೊಗಳಿಕೆಯನ್ನು ನಾನು ಬಹುಕಾಲ ಮನಸ್ಸಿನಲ್ಲಿ ಜೋಪಾನ ಮಾಡಿದ್ದೆನು. ಆದರೆ ಪುಸ್ತಕದ ಗಂಟುಗಳನ್ನು ಬಸ್ಸಿನ ನಿಲ್ದಾಣದಿಂದ ಶಾಲೆಯವರೆಗೆ ಬಿಸಿಲಿನಲ್ಲಿ ತಲೆಯ ಮೇಲೆ ಹೊತ್ತು ತಂದ ಮುದುಕನಿಗೆ ನಾನು ಕೊಟ್ಟುದು ಒಂದು ಲೋಟ ಮಜ್ಜಿಗೆ ಮಾತ್ರ. ಮಠದ ಕೆಲಸವಲ್ಲವೆ, ಅವನು ಕೇಳುವದಿಲ್ಲವೆಂದು ನಾನು ಬಲ್ಲೆನು. ಅವನು ಕೇಳಲಿಲ್ಲ. ಆ ೮೦ ರೂಪಾಯಿಗಳಲ್ಲಿ ಅವನ ಕೂಲಿಯೂ ಸೇರಿದ್ದಿತೆಂಬುದು ಮೂವತ್ತು ವರ್ಷ ನನಗೆ ಹೊಳೆಯಲಿಲ್ಲ; ಶಿಷ್ಯೆಯೊಬ್ಬಳು ಕೇಳಿದಾಗ ಹೊಳೆಯಿತು. ಈಗ ಆ ಮುದುಕನು ಇಲ್ಲ.

ಇಲ್ಲಿ ಕೆಲವು ಆಕ್ಷೇಪಗಳು ಬರುವವು. ಹುಡುಗರೂ ಅವನ್ನು ಎತ್ತಿದರು. ಗೃಹಸ್ಥ ಭಕ್ತರ ಮನಸ್ಸಿನಲ್ಲಿಯೂ ಅವು ಏಳುವದು ಸಹಜ.

ಮೊದಲನೆಯ ಆಕ್ಷೇಪ: ಆ ಸ್ತ್ರೀಯರು ಸೇವೆಯೆಂದು ಬಂದರು, ಸೇವೆಗೆ ಕೂಲಿ ಕೊಟ್ಟರೆ ಅದನ್ನು ಹಗುರ ಮಾಡಿದಂತಾಗದೆ? ಸಮಾಧಾನವಿದು. ಸೇವೆಯನ್ನು ಸೇವೆಯೆಂದು ಹೇಳುವ ಅಧಿಕಾರವು ಮಾಡುವವರಿಗೆ ಉಂಟು, ಮಾಡಿಸಿಕೊಳ್ಳುವವರಿಗಿಲ್ಲ. ಹೊಟ್ಟೆ ತುಂಬಿದವನು ತನ್ನ ಎರಡು ದಿನಗಳನ್ನು ಕೊಟ್ಟರೆ ಅದು ಬಿಡುವಿನ ಭಾಗ. ದಿನಗೂಲಿಯವಳು ಕೊಟ್ಟರೆ ಅದು ಅನ್ನದ ಭಾಗ. ಎರಡನ್ನೂ ‘ಶ್ರಮದಾನ’ವೆಂಬ ಒಂದೇ ಮಾತಿನಲ್ಲಿ ಕಟ್ಟುವದು ನ್ಯಾಯವಲ್ಲ. ಅವಳ ಮುಂದೆ ಕೂಲಿಯನ್ನಿಡುವದು ನಮ್ಮ ಧರ್ಮ. ಅದನ್ನು ಬೇಡವೆನ್ನುವದು, ಬೇಕೆನ್ನುವದು ಅವಳ ಸ್ವಾತಂತ್ರ್ಯ. ಮುಂದಿಡದೆಯೇ ಅವಳು ಬೇಡವೆನ್ನುವಳೆಂದು ನಾವು ಊಹಿಸುವದು ನಮಗೆ ಲಾಭವಾದ ಊಹೆ. ಲಾಭದ ಊಹೆಗಳನ್ನು ಸದಾ ಸಂಶಯದಿಂದ ನೋಡಬೇಕು.

ಎರಡನೆಯ ಆಕ್ಷೇಪ: ಕೊಟ್ಟವರಿಗೆ ಬರೆದು ಒಪ್ಪಿಸಿದ ಯೋಜನೆಯಲ್ಲಿ ಕೂಲಿಯೆಂಬ ಬಾಬು ಇರಲಿಲ್ಲ, ಇಲ್ಲದ ಬಾಬಿಗೆ ಹಣವನ್ನು ಹಾಕುವದು ಅಪ್ರಾಮಾಣಿಕತೆಯಲ್ಲವೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಪರಧನವನ್ನು ನಮ್ಮ ಮನಬಂದ ಸತ್ಕಾರ್ಯಕ್ಕೂ ತಿರುಗಿಸಬಾರದು. ಆದರೆ ಇದಕ್ಕೆ ಉಪಾಯವು ಕೂಲಿಯನ್ನು ನುಂಗುವದಲ್ಲ; ಕೊಟ್ಟವರನ್ನು ಕೇಳುವದು. ನಾವು ಮೊದಲು ಲೆಕ್ಕ ಹಾಕುವಾಗ ಇಬ್ಬರ ದುಡಿಮೆಯನ್ನು ಮರೆತೆವು, ಈಗ ಸಲ್ಲಿಸಲು ಸಮ್ಮತಿ ಕೊಡಬೇಕು ಎಂದು ಇದ್ದುದನ್ನು ಇದ್ದಂತೆ ಬರೆದು ಕೇಳಿದರೆ ಅಪ್ರಾಮಾಣಿಕತೆಯ ಮಾತೆಲ್ಲಿ?

ಮೂರನೆಯ ಆಕ್ಷೇಪ: ಹಾಗಾದರೆ ಲಕ್ಕಮ್ಮನ ದೃಷ್ಟಾಂತವು ಇಲ್ಲಿ ಸಲ್ಲದೆ? ಸಲ್ಲುತ್ತದೆ, ನಾನು ಅದನ್ನು ಅರ್ಧವೇ ತಿಳಿದಿದ್ದೆನು. ಮಾರಯ್ಯನು ಹೆಚ್ಚು ಅಕ್ಕಿಯನ್ನು ತಂದಾಗ ಅದು ಹೆಚ್ಚೆಂದು ಲಕ್ಕಮ್ಮನಿಗೆ ಹೇಗೆ ತಿಳಿಯಿತು? ಪ್ರತಿದಿನದ ಅಳತೆಯು ಅವಳ ಕೈಗೆ ಗೊತ್ತಿದ್ದಿತು. ಎಷ್ಟು ಶ್ರಮಕ್ಕೆ ಎಷ್ಟು ಅಕ್ಕಿ, ಎಷ್ಟು ಅಕ್ಕಿಗೆ ಎಷ್ಟು ಪ್ರಸಾದವೆಂಬ ಲೆಕ್ಕವನ್ನು ಪೂರ್ಣವಾಗಿ ಬಲ್ಲವಳಾದುದರಿಂದಲೇ ಮಿಕ್ಕುದನ್ನು ಮಿಕ್ಕುದೆಂದು ಗುರುತಿಸಿದಳು. ಲೆಕ್ಕವು ಪೂರ್ಣವಾಗದ ಹೊರತು ಉಳಿಕೆಯೆಂಬುದೇ ಇಲ್ಲ. ನಾನಾದರೋ ಲೆಕ್ಕವು ಮುಗಿಯುವ ಮೊದಲೇ ಉಳಿಕೆಯನ್ನು ಎತ್ತಿಕೊಂಡು ಲಕ್ಕಮ್ಮನ ಹೆಸರಿನಿಂದ ಹಿಂದಿರುಗಿಸಹೊರಟಿದ್ದೆನು. ಬೇರೆಯವರ ಕೂಲಿಯಿಂದ ನಮ್ಮ ನಿರಾಶೆಯನ್ನು ಮೆರೆಯಿಸುವದು ಅವಳ ಮಾರ್ಗವಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಇಲ್ಲಿಯೇ ಕಾಣುವದು. ದಾನದಲ್ಲಿ ‘ನಾನು ಕೊಟ್ಟೆ’ ಎಂಬ ಕರ್ತೃತ್ವವು ಉಳಿಯುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸನು. ಧನವು ಸಂಗಮನಾಥನದು, ತಾನು ಅದನ್ನು ಸಾಗಿಸುವ ಆಳು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ರಾಜಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದುದೂ, ಲೆಕ್ಕವನ್ನು ನೋಡಲಾಗಿ ಭಂಡಾರವು ಪೂರ್ಣವಾಗಿದ್ದುದೂ ಪುರಾಣಪ್ರಸಿದ್ಧ. ಈ ಪ್ರಸಂಗವನ್ನು ನಾವು ಪವಾಡವೆಂದು ಕೇಳಿ ಕೈಮುಗಿಯುತ್ತೇವೆ. ಆದರೆ ಅದರೊಳಗಿನ ನೀತಿಯನ್ನು ನೋಡಬೇಕು: ಭಕ್ತಿಯ ಹೆಸರಿನಿಂದ ಅವರು ಲೆಕ್ಕವನ್ನು ತಪ್ಪಿಸಲಿಲ್ಲ, ಲೆಕ್ಕ ನೋಡಿರೆಂದು ಮುಂದೆ ಬಂದರು. ನಮ್ಮ ಕಾಲದಲ್ಲಿ ಗಾಂಧೀಜಿಯವರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ತಾವು ವೆಚ್ಚ ಮಾಡಿದ ಕಾಸುಕಾಸಿಗೂ ಲೆಕ್ಕವಿಟ್ಟಿದ್ದರು. ಮುಂದೆ ಲಕ್ಷಾಂತರ ರೂಪಾಯಿಗಳ ಸಾರ್ವಜನಿಕ ಹಣವನ್ನು ನಿರ್ವಹಿಸಲು ಆ ಅಭ್ಯಾಸವೇ ತಮಗೆ ನೆರವಾಯಿತೆಂದು ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಸಣ್ಣ ಹಣದ ಲೆಕ್ಕವು ಸಣ್ಣ ಕೆಲಸವಲ್ಲವೆಂಬುದು ಇದರಿಂದ ಸಿದ್ಧ.

ಇನ್ನು ನಡೆದ ಸಂಗತಿಯನ್ನು ಹೇಳಿ ಮುಗಿಸುವೆನು. ವಿದ್ಯಾರ್ಥಿಗಳು ಸಹಾಯಧನವನ್ನು ಕೊಟ್ಟವರಿಗೆ ಪತ್ರ ಬರೆದರು, ಸಮ್ಮತಿಯು ದೊರೆಯಿತು. ಊರಲ್ಲಿ ನಡೆಯುತ್ತಿದ್ದ ಹೆಣ್ಣಾಳಿನ ಕೂಲಿಯಂತೆ ದಿನಕ್ಕೆ ೪೦೦, ಇಬ್ಬರಿಗೆ ಎರಡು ದಿನಗಳಿಗೆ ೧,೬೦೦ ರೂಪಾಯಿಗಳನ್ನು ಒಯ್ದು ಮುಂದಿಟ್ಟರು. ಒಬ್ಬ ಆಯಿಯು ಸುಮ್ಮನೆ ಎಣಿಸಿ ಸೆರಗಿನ ಗಂಟಿಗೆ ಕಟ್ಟಿಕೊಂಡಳಂತೆ. ಇನ್ನೊಬ್ಬಳು ಒಂದು ದಿನದ್ದನ್ನು ತೆಗೆದುಕೊಂಡು, ಇನ್ನೊಂದು ದಿನದ್ದು ಅಜ್ಜನ ಸೇವೆಯೆಂದು ಗದ್ದುಗೆಯ ಹುಂಡಿಗೆ ತನ್ನ ಕೈಯಿಂದಲೇ ಹಾಕಿದಳಂತೆ. ಇಬ್ಬರೂ ಮಾಡಿದುದು ಸರಿಯೇ. ಏಕೆಂದರೆ ಇಬ್ಬರೂ ತಮ್ಮದನ್ನು ತಾವು ವಿನಿಯೋಗಿಸಿದರು.

ಬೆಲೆಯನ್ನು ಇಳಿಸಿದ ಹುಡುಗನ ಮನಸ್ಸಿಗೂ ನೆಮ್ಮದಿಯಿರಲಿಲ್ಲ. ಬುಟ್ಟಿಗೆ ೫೦ರಂತೆ ಹತ್ತು ಬುಟ್ಟಿಗಳಿಗೆ ೫೦೦ ರೂಪಾಯಿಗಳನ್ನು ತನ್ನ ಸ್ವಂತ ಹಣದಿಂದಲೇ ಕೂಡಿಸಿಕೊಂಡು ಅವನು ಮೇದಾರರ ಮನೆಗೆ ಹೋದನು. ಬುಟ್ಟಿ ಹೆಣೆದವನು ನಕ್ಕು, “ಒಪ್ಪಿ ಕೊಟ್ಟ ಮ್ಯಾಲೆ ಬೆಲೆ ತೀರಿತು ತಮ್ಮಾ, ಇದು ನನ್ನ ರೊಕ್ಕಲ್ಲ,” ಎಂದು ತಿರುಗಿ ಕಳುಹಿಸಿದನು. ಮೇದಾರ ಕೇತಯ್ಯನ ಕಾಯಕವನ್ನು ನಾನು ಪಾಠದಲ್ಲಿ ಎಷ್ಟು ಸಲ ವರ್ಣಿಸಿದ್ದೇನೋ! ಆ ಹುಡುಗನಿಗೆ ಅದರ ಅರ್ಥವು ಅಂದು ಆ ಮನೆಯ ಕಟ್ಟೆಯ ಮೇಲೆ ಆಯಿತು. ಕೂಲಿಯನ್ನು ಕೊಟ್ಟ ಮೇಲೆ ನಿಜವಾಗಿ ಉಳಿದುದು ೪೦೦ ರೂಪಾಯಿ. ಅದನ್ನು ಲೆಕ್ಕದ ಹಾಳೆಯೊಡನೆ ಕೊಟ್ಟವರಿಗೆ ಮುಟ್ಟಿಸಿದರು. ಮೊದಲಿನ ಹಾಳೆಯಲ್ಲಿ ನಾಲ್ವರ ಹೆಸರಿದ್ದವು. ಎರಡನೆಯ ಹಾಳೆಯಲ್ಲಿ ಆಯಿಗಳಿಬ್ಬರೂ ಮೇದಾರನೂ ಸೇರಿ ಏಳು ಹೆಸರಾದವು. ಹೆಸರಿನ ದೊಡ್ಡ ಫಲಕವು ಬೇಡವೆಂದು ಅವರೇ ನಿಶ್ಚಯಿಸಿದರು.

ಮರುವರ್ಷ ನಾಲ್ವರಲ್ಲಿ ಇಬ್ಬರು ಓದಿಗಾಗಿ ಬೇರೆ ಊರಿಗೆ ಹೋದರು. ಬುಟ್ಟಿಗಳಲ್ಲಿ ಅರ್ಧದಷ್ಟು ಮಳೆಗೆ ಹಾಳಾದವು. ದಂಡೆಯು ಮೊದಲ ವರ್ಷದಷ್ಟು ನಿರ್ಮಲವಾಗಿತ್ತೆಂದು ನಾನು ಹೇಳಲಾರೆ. ಆದರೆ ಹೋಳಿಹುಣ್ಣಿಮೆಗೆ ಎಂಟು ದಿನ ಮೊದಲೇ ಆ ಆಯಿಗಳಲ್ಲೊಬ್ಬಳು ಪೇಟೆಯಲ್ಲಿ ಆ ಹುಡುಗಿಯನ್ನು ಕಂಡು, “ಈ ವರ್ಷ ಯಾವಾಗ ಬರ್ತೀರಿ? ಮತ್ತಿಬ್ಬರಿಗೆ ಹೇಳೀನಿ,” ಎಂದು ವಿಚಾರಿಸಿದಳು. ಹೊರಗಿನ ಹಣದಿಂದ ಹುಡುಗರು ಊರಿಗೆ ಮಾಡಿದ ಉಪಕಾರವೆಂದು ಮೊದಲಾದ ಕೆಲಸವು ಊರಿನ ಕೆಲಸವಾಗತೊಡಗಿದ ಗುರುತು ಇದೇ ಎಂದು ನಾನು ತಿಳಿದಿದ್ದೇನೆ.

ಗೃಹಸ್ಥ ಭಕ್ತರಲ್ಲಿ ನನ್ನ ವಿನಂತಿ ಇಷ್ಟೇ. ತಮ್ಮ ಮಕ್ಕಳು ಇಂಥ ಸಹಾಯಧನವನ್ನು ಪಡೆದು ಮನೆಗೆ ಬಂದಾಗ, ಎಷ್ಟು ದೊರೆಯಿತೆಂದು ಮೊದಲು ಕೇಳಬೇಡಿರಿ. ಯಾರನ್ನು ಕೇಳಿ ಈ ಕೆಲಸವನ್ನು ಆರಿಸಿದಿರಿ, ಯಾರ ಯಾರ ಕೈ ಇದರಲ್ಲಿ ದುಡಿಯಿತು, ಅವರಿಗೆ ಸಲ್ಲಬೇಕಾದುದು ಸಂದಿತೆ ಎಂದು ಕೇಳಿರಿ. ಕೆಲಸವು ಕೆಟ್ಟರೆ ಕೆಟ್ಟಿತೆಂದು ಬರೆಯುವ ಧೈರ್ಯವನ್ನು ಅವರಿಗೆ ಕೊಡಿರಿ. ನಿಮ್ಮ ಮನೆಯಲ್ಲಿ ಪ್ರಸಾದಕ್ಕೆ ಕಾಳು ಹಸನು ಮಾಡುವವಳ, ಮಠದ ಕಾರ್ಯದಲ್ಲಿ ಕಂಬಳಿ ಹಾಸಿ ಮಡಿಚುವವನ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಏಕೆಂದರೆ ಮಕ್ಕಳು ನಮ್ಮ ಉಪದೇಶದಿಂದ ಕಲಿಯುವದಕ್ಕಿಂತ ನಮ್ಮ ಲೆಕ್ಕದಿಂದ ಕಲಿಯುವದು ಹೆಚ್ಚು. ಹಾಗೆ ಬರೆದ ಮೇಲೂ ಏನಾದರೂ ಮಿಕ್ಕರೆ, ಲಕ್ಕಮ್ಮತಾಯಿಯ ಮಾತನ್ನು ನೆನೆದು ನಿಶ್ಚಿಂತೆಯಿಂದ ಹಿಂದಿರುಗಿಸಿರಿ.

ಸತ್ಯಶುದ್ಧ ಕಾಯಕದ ಅಳತೆಯನ್ನು ಶರಣರು ನಮ್ಮೆಲ್ಲರ ಕೈಗೆ ಕರುಣಿಸಲಿ. ಶರಣು ಶರಣಾರ್ಥಿ.